ಮೇಲಿನ ಡೆಕ್ಕಿನ ನಗು

ದಕ್ಷಿಣಾಮೂರ್ತಿಯವರಿಗೆ ಸಮುದ್ರದ ವಿಷಯದಲ್ಲಿ ತಮಗೊಂದು ಹಕ್ಕಿದೆ ಎಂಬ ಭಾವನೆ ಇತ್ತು. ಹುಟ್ಟಿದ್ದು ಅರಕಲಗೂಡಿನಲ್ಲಿ, ಬದುಕಿದ್ದು ದೆಹಲಿಯಲ್ಲಿ, ಎರಡೂ ಕಡೆಯಿಂದ ಸಮುದ್ರ ದೂರವೇ. ಆದರೆ ಸ್ಟಾಫ್ ಸೆಲೆಕ್ಷನ್ ಪರೀಕ್ಷೆ ಪಾಸು ಮಾಡಿ ಕೇಂದ್ರ ಸರ್ಕಾರದ ಗುಮಾಸ್ತನಾಗಿ ಬಂದ ಹುಡುಗನನ್ನು ಬಂದರುಗಳ ವ್ಯವಹಾರ ನೋಡುವ ಕಚೇರಿಗೆ ಹಾಕಿದರು. ಅಲ್ಲೇ ಬೆಳೆದು ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದರು. ನಡುವೆ ಪಾರಾದೀಪ, ವಿಶಾಖಪಟ್ಟಣ, ಕೊಚ್ಚಿ, ಮುಂಬೈ ಎಂದು ಟೂರ್ ಮಾಡಿದರು. ಹಿಂದಿರುಗುವಾಗ ಚಿಪ್ಪಿನ ಒಂದು ಸರವೋ ಗೋಡಂಬಿಯ ಪೊಟ್ಟಣವೋ ತರುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಹೇಳಲು ಏನಾದರೊಂದು ತರುತ್ತಿದ್ದರು.

ಹೇಳಿದ್ದರಲ್ಲೆಲ್ಲ ಹೆಚ್ಚು ಬಾಳಿದ್ದು ಮುಂಬೈ ಬಂದರಿನಲ್ಲಿ ಒಂದು ಸಂಜೆ ಅಧಿಕಾರಿಗಳ ಜೊತೆ ಬೋಟಿನಲ್ಲಿ ಊಟ ಮಾಡಿದ ಪ್ರಸಂಗ. ದೆಹಲಿ ಕನ್ನಡಿಗರ ಯಾವ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೂ, ಎಲೆಯ ಮುಂದೆ ಕೂತ ಮೂರ್ತಿಗಳು ಆ ಬೋಟನ್ನು ಹತ್ತುತ್ತಿದ್ದರು. ದಡದ ದೀಪಗಳು ನೀರಿನಲ್ಲಿ ಹೇಗೆ ಉದ್ದುದ್ದ ಎಳೆದ ಹಾಗೆ ಕಾಣುತ್ತಿದ್ದವು, ಜಂಟಿ ಕಾರ್ಯದರ್ಶಿಗಳ ಟೋಪಿ ಗಾಳಿಗೆ ಹೇಗೆ ಹಾರಿಹೋಯಿತು, ತಟ್ಟೆಯ ಪನೀರ್ ಎಷ್ಟು ಮೆತ್ತಗಿತ್ತು, ಎಲ್ಲ ಬರುತ್ತಿತ್ತು. ಅವರ ಹೆಂಡತಿ ಸುಮಿತ್ರಾ ಪಕ್ಕದಲ್ಲಿದ್ದರೆ, "ಟೋಪಿ ಹಾರಿದ್ದು ಹೇಳಿ" ಎಂದು ನೆನಪಿಸುತ್ತಿದ್ದರು. ಕೊನೆಗೆ ಮೂರ್ತಿಗಳು ಹೆಂಡತಿಯ ಕಡೆ ತಿರುಗಿ, "ಇವಳನ್ನೂ ಒಂದು ಸಲ ಕರ್ಕೊಂಡು ಹೋಗಬೇಕು" ಎನ್ನುತ್ತಿದ್ದರು. ಸುಮಿತ್ರಾ ನಗುತ್ತಿದ್ದರು. ಮಗಳ ಓದು, ಮದುವೆ, ಫ್ಲ್ಯಾಟು ಎಂದು ವರ್ಷಗಳು ಹೋದವು. ಕರೆದುಕೊಂಡು ಹೋಗಲಿಲ್ಲ.

ನಿವೃತ್ತಿಯ ಹೊತ್ತಿಗೆ ಆರ್.ಕೆ. ಪುರದ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಘಾಜಿಯಾಬಾದ್‌ನ ವಸುಂಧರಾದಲ್ಲಿ ಸ್ವಂತ ಫ್ಲ್ಯಾಟಿಗೆ ಬಂದಾಗಿತ್ತು. ಮಗಳು ಹರ್ಷಿಣಿ ಗ್ರೇಟರ್ ನೋಯ್ಡಾದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತ ಅಲ್ಲೇ ಸಂಸಾರ ಹೂಡಿದ್ದಳು. ಇನ್ನು ತಾವಿಬ್ಬರೇ, ಬೆಳಿಗ್ಗೆ ನಿಧಾನಕ್ಕೆ ಕಾಫಿ ಕುಡಿಯುತ್ತ ಪೇಪರ್ ಓದಬಹುದು ಎಂದು ಮೂರ್ತಿಗಳು ಅಂದುಕೊಂಡಿದ್ದರು. ನಿವೃತ್ತರಾದ ಮರುದಿನ ಎದ್ದು ಬಂದಾಗ ಕಾಫಿ ಫ್ಲಾಸ್ಕಿನಲ್ಲಿತ್ತು. ಸುಮಿತ್ರಾ ಮನೆಯಲ್ಲಿರಲಿಲ್ಲ.

ಅವರು ಸೊಸೈಟಿಯ ಪಾರ್ಕಿನಲ್ಲಿದ್ದರು. ಅಲ್ಲಿ ಆರು ಜನ ಹೆಂಗಸರ ಒಂದು ಗುಂಪು ದಿನಾ ಯೋಗ ಮಾಡುತ್ತಿತ್ತು. ಯೋಗಕ್ಕಿಂತ ಹೆಚ್ಚು ಮಾತಾಡುತ್ತಿತ್ತು. ಅಮೃತಸರದ ಮನ್ಜೀತ್ ಕೌರ್ ಗುಂಪಿನ ಯಜಮಾನಿ. ಗಢವಾಲದ ಪುಷ್ಪಾ ರಾವತ್ ಹಾಡುವವರು. ಇವರೆಲ್ಲ ಸುಮಿತ್ರಾ ಅವರನ್ನು ಕರೆಯುತ್ತಿದ್ದುದು 'ಸುಮಿ' ಎಂದು. ಮೂರ್ತಿಗಳು ಅದನ್ನು ಮೊದಲು ಕೇಳಿದ್ದು ಬಾಲ್ಕನಿಯಲ್ಲಿ ನಿಂತಾಗ. ಕೆಳಗಿನಿಂದ ಯಾರೋ, "ಸುಮಿ, ಜಲ್ದೀ ಆ" ಎಂದು ಕೂಗಿದರು. ಯಾರನ್ನು ಕರೆಯುತ್ತಿದ್ದಾರೆಂದು ಅವರಿಗೆ ಗೊತ್ತಾಗಲಿಲ್ಲ. ಹೆಂಡತಿ ಚಪ್ಪಲಿ ಮೆಟ್ಟಿ ಓಡಿದಾಗ ಗೊತ್ತಾಯಿತು. ಇಷ್ಟು ವರ್ಷಗಳಲ್ಲಿ ತಾವು ಆಕೆಯನ್ನು ಹಾಗೆ ಕರೆದಿರಲಿಲ್ಲ. ಕರೆಯಬಹುದೆಂದು ಹೊಳೆದೂ ಇರಲಿಲ್ಲ.

ತರಕಾರಿ ತರಲು ಹೋದರೆ ಗಾಡಿಯವನು, "ಆಂಟೀಜಿ ನಹೀಂ ಆಯೀ?" ಎಂದು ಕೇಳುತ್ತಿದ್ದ. ಆಂಟೀಜಿಗೆ ಎಳೆ ಬೆಂಡೆಕಾಯಿ ತೆಗೆದಿಟ್ಟಿರುತ್ತಿದ್ದ. ಮೂರ್ತಿಗಳ ಹಿಂದಿ ಕಚೇರಿಯ ಹಿಂದಿ. ವಾಕ್ಯ ಮುಗಿಯುವಷ್ಟರಲ್ಲಿ ಗಾಡಿಯವನು ಮುಂದಿನ ಗಿರಾಕಿಯನ್ನು ನೋಡುತ್ತಿದ್ದ. ಸುಮಿತ್ರಾ ಮಾತ್ರ, "ಭಯ್ಯಾ, ಕಲ್ ವಾಲೀ ಗೋಭೀ ಮೇಂ ಕೀಡಾ ಥಾ" ಎಂದು ನಿನ್ನೆಯ ಹೂಕೋಸಿನ ಹುಳದ ಮಾತು ಶುರುಮಾಡಿದರೆ ಸುತ್ತ ನಿಂತವರೂ ಸೇರಿ ನಗುತ್ತಿದ್ದರು. ಮನೆಯೊಳಗೆ ಅಷ್ಟು ಕಡಿಮೆ ಮಾತಾಡುವ ಹೆಂಗಸು ಹೊರಗೆ ಹೀಗಿದ್ದಾಳೆ ಎಂಬುದು ಅವರನ್ನು ಕುಟುಕತೊಡಗಿತು. ಫೋನು ಟಿಂಗ್ ಎಂದಾಗ ಆಕೆ ಒಬ್ಬರೇ ಮುಗುಳ್ನಗುವುದನ್ನು ಪೇಪರಿನ ಮೇಲಿಂದ ನೋಡುತ್ತಿದ್ದರು. ಏನದು ಎಂದು ಕೇಳಿದರೆ, "ಏನಿಲ್ಲ ಬಿಡಿ, ಪುಷ್ಪಾ ಏನೋ ಕಳಿಸಿದಾಳೆ" ಎಂಬ ಉತ್ತರ ಬರುತ್ತಿತ್ತು.

ಕಳೆದ ನವೆಂಬರಿನಲ್ಲಿ, ಹೊಗೆ ಕವಿದು ಎದುರಿನ ಟವರ್ ಕೂಡ ಕಾಣದ ಒಂದು ದಿನ, ಚಪಾತಿ ಬಡಿಸುತ್ತ ಸುಮಿತ್ರಾ ಹೇಳಿದರು:

"ಮುಂದಿನ ವಾರ ನಾವು ಮುಂಬೈಗೆ ಹೋಗ್ತಾ ಇದೀವಿ. ಈ ಹೊಗೆಯಿಂದ ಸ್ವಲ್ಪ ದಿನ ತಪ್ಪಿಸ್ಕೊಂಡ ಹಾಗೂ ಆಗುತ್ತೆ."

"ನಾವು ಅಂದ್ರೆ?"

"ಪಾರ್ಕಿನವರು. ಸಿದ್ಧಿವಿನಾಯಕ, ಎಲಿಫೆಂಟಾ ಎಲ್ಲ ನೋಡೋದು. ಒಂದು ಸಂಜೆ ಬೋಟಿನಲ್ಲಿ ಊಟ ಇದೆಯಂತೆ."

ಮೂರ್ತಿಗಳ ಕೈ ತಟ್ಟೆಯಲ್ಲೇ ನಿಂತಿತು. "ಬೋಟಿನಲ್ಲಿ ಊಟ" ಎಂದರು.

"ಹೂಂ. ಮನ್ಜೀತ್ ಬುಕ್ ಮಾಡಿದಾಳೆ."

"ಯಾರ ಯಜಮಾನರೂ ಬರಲ್ವಾ?"

"ಇಲ್ಲ. ನಾವು ನಾವೇ."

ಮೂರ್ತಿಗಳು ಸಲಹೆ ಕೊಡಲು ತೊಡಗಿದರು. ಬಲಗಡೆ ಕೂತರೆ ದೀಪಗಳು ಚೆನ್ನಾಗಿ ಕಾಣುತ್ತವೆ. ಸೆರಗು ಪಿನ್ ಮಾಡಿಕೊಳ್ಳಬೇಕು, ಗಾಳಿ ಜೋರು. ಹತ್ತುವಾಗ ಎಡಗಾಲು ಮುಂದಿಡಬೇಕು. ಸುಮಿತ್ರಾ ಕೇಳಿಸಿಕೊಂಡು, "ಅವರೆಲ್ಲ ನೋಡ್ಕೊಳ್ತಾರೆ ಬಿಡಿ. ಪಲ್ಯ ಹಾಕ್ಲಾ?" ಎಂದರು.

ಮರುದಿನ ಮೂರ್ತಿಗಳು ಮಗಳಿಗೆ ಫೋನು ಮಾಡಿದರು. ಈ ವಯಸ್ಸಿನಲ್ಲಿ ಹೆಂಗಸರಷ್ಟೇ ಅಷ್ಟು ದೂರ ಹೋಗುವುದು, ಅದೂ ನೀರಿನ ಮೇಲೆ, ಎಂದು ಆತಂಕದ ದನಿಯಲ್ಲಿ ಹೇಳಿದರು.

"ಅಪ್ಪಾ, ಸಚ್ ಬೋಲೂಂ?" ಎಂದಳು ಹರ್ಷಿಣಿ. "ಯು ಆರ್ ಜೆಲಸ್. ಅಮ್ಮಂಗೆ ಫ್ರೆಂಡ್ಸ್ ಇದಾರೆ, ನಿಮ್ಗೆ ಇಲ್ಲ. ಬಸ್, ಇತನೀ ಸೀ ಬಾತ್, ಇಷ್ಟೇ."

"ನನಗೇನು ಹೊಟ್ಟೆಕಿಚ್ಚು? ನಾನು ನೋಡದೇ ಇರೋ ಬಂದರಾ ಅದು?"

"ವಹೀ ತೋ, ಅದೇ ನಾನೂ ಹೇಳೋದು" ಎಂದಳು ಮಗಳು.

ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಬೀಳ್ಕೊಡಲು ಮೂರ್ತಿಗಳೇ ಹೋದರು. ಹೆಂಡತಿಯ ಚೀಲ ಹಿಡಿದಿದ್ದರು. ಹೇಗೂ ಹಿಡಿದಿದ್ದೀರಲ್ಲ ಎಂದು ಪುಷ್ಪಾ ರಾವತ್ ತಮ್ಮದನ್ನೂ ಕೊಟ್ಟರು. "ಥ್ಯಾಂಕ್ಯೂ ಭಾಯಿಸಾಬ್" ಎಂದು ಆರೂ ಜನ ಬೋಗಿಯೊಳಗೆ ನುಗ್ಗಿದರು. ಗಾಜಿನ ಹಿಂದೆ ಸುಮಿತ್ರಾ ಕಿಟಕಿಯ ಪಕ್ಕ ಕೂತು ಮನ್ಜೀತ್ ಹೇಳಿದ್ದೇನನ್ನೋ ಕೇಳುತ್ತಿದ್ದರು. ರೈಲು ಹೊರಟಾಗ ಮೂರ್ತಿಗಳು ಕೈ ಎತ್ತಿದರು. ಆಕೆ ಆಗ ಒಳಗೇ ನೋಡುತ್ತಿದ್ದರು.

ಆ ಸಂಜೆ ಖಾಲಿ ಮನೆಯಲ್ಲಿ ಕೂತು ಅವರು ವಿಮಾನದ ಟಿಕೆಟ್ ತೆಗೆದರು. ತಮ್ಮ ಮಟ್ಟಿಗೆ ಒಂದು ಕಾರಣವೂ ಸಿಕ್ಕಿತ್ತು. ಹಿಂದೆ ಅದೇ ಸೆಕ್ಷನ್ನಿನಲ್ಲಿದ್ದು ಮುಂಬೈಗೆ ವರ್ಗವಾಗಿ ಮುಲುಂಡಿನಲ್ಲಿ ನೆಲೆಸಿದ್ದ ಗೆಳೆಯ ಚಂದ್ರಮೋಹನನಿಗೆ ಮಂಡಿಯ ಆಪರೇಷನ್ ಆಗಿತ್ತು. ಹೋಗಿ ನೋಡಿ ಬರಬೇಕಾದದ್ದೇ. ಸುಮಿತ್ರಾಗೆ ತಿಳಿಸಲಿಲ್ಲ. ಫೋನಿನಲ್ಲಿ ಆಕೆ, "ಊಟ ಆಯ್ತಾ?" ಎಂದಾಗ, "ಆಯ್ತು, ಫ್ರಿಜ್ಜಿನಲ್ಲಿದ್ದ ಸಾರು ಬಿಸಿ ಮಾಡ್ಕೊಂಡೆ" ಎಂದರು. ಅದು ನಿಜವೇ.

ಚಂದ್ರಮೋಹನ ಕೋಲೂರಿಕೊಂಡು ಬಂದು ಬಾಗಿಲು ತೆರೆದ. ಮಂಡಿಯ ಮಾತು ಬೇಗ ಮುಗಿಯಿತು.

"ಈಗ ನಿಜ ಹೇಳು ಮೂರ್ತಿ. ನನ್ನ ಮಂಡಿ ನೋಡೋಕೆ ವಿಮಾನ ಹತ್ತೋ ಆಸಾಮಿ ಅಲ್ಲ ನೀನು."

ಮೂರ್ತಿಗಳು ಹೇಳಿದರು. ಬೋಟಿನ ಹೆಸರು, ಹೊರಡುವ ವೇಳೆ ಎಲ್ಲ ಅವರಿಗೆ ಗೊತ್ತಿತ್ತು. ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಆಕೆಯ ಫೋನಿನಲ್ಲಿ ನೋಡಿದ್ದರು. ಹೇಳುವಾಗ ಕಿವಿ ಬಿಸಿಯಾಯಿತು. ಚಂದ್ರಮೋಹನ ನಗಲಿಲ್ಲ. ಗಡ್ಡ ಕೆರೆದುಕೊಂಡು, "ನಡಿ, ನಾನೂ ಬರ್ತೀನಿ. ಈ ಮನೆಯಲ್ಲಿ ಕೂತೂ ಕೂತೂ ಬೇಜಾರಾಗಿದೆ" ಎಂದ.

ಸೂರ್ಯ ಮುಳುಗುವ ಹೊತ್ತಿಗೆ ಇಬ್ಬರೂ ಗೇಟ್‌ವೇ ಹತ್ತಿರದ ದಕ್ಕೆಗೆ ಬಂದರು. ಮೂರ್ತಿಗಳು ಟೋಪಿ ಹಾಕಿಕೊಂಡು, ಜನ ಎಲ್ಲ ಹತ್ತಿದ ಮೇಲೆ ಕೊನೆಗೆ ಹತ್ತಿದರು. ಹೆಂಡತಿಗೆ ಹೇಳಿದ ಹಾಗೆ ಎಡಗಾಲು ಮುಂದಿಡಲು ಹೋಗಿ ಮುಗ್ಗರಿಸಿದರು. ಬೋಟಿನವನು ತೋಳು ಹಿಡಿದು ಒಳಗೆಳೆದ. ಎರಡು ಅಂತಸ್ತಿನ ಬೋಟು. ಕೆಳಗೆ ಗಾಜಿನ ಕಿಟಕಿಗಳ ಏಸಿ ಹಾಲ್, ಮೇಲೆ ತೆರೆದ ಡೆಕ್. ಪಾರ್ಕಿನ ಗುಂಪು ಮೇಲಕ್ಕೆ ಹೋದದ್ದನ್ನು ಖಚಿತಪಡಿಸಿಕೊಂಡು ಗೆಳೆಯರು ಕೆಳಗೆ ಮೂಲೆಯ ಮೇಜು ಹಿಡಿದರು.

ಎಂಜಿನ್ನು ಗುಡುಗಿ ಬೋಟು ದಡ ಬಿಟ್ಟಿತು. ಹೊಟೇಲಿನ ಗುಮ್ಮಟ, ಗೇಟ್‌ವೇಯ ಕಮಾನು ಹಿಂದೆ ಸರಿದವು. ನೀರು ಮೊದಲು ತಾಮ್ರದ ಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗಿತು. ದೂರದಲ್ಲಿ ಲಂಗರು ಹಾಕಿದ ಹಡಗುಗಳು ದೀಪ ಹೊತ್ತಿಸಿಕೊಂಡು ನಿಂತಿದ್ದವು. ಡೀಸೆಲ್ ಮತ್ತು ಉಪ್ಪುನೀರಿನ ವಾಸನೆಯ ಜೊತೆ ಅಡುಗೆಮನೆಯಿಂದ ತಂದೂರಿಯ ವಾಸನೆ ಬರುತ್ತಿತ್ತು. ಚಂದ್ರಮೋಹನ ಕಿಟಕಿಗೆ ಹಣೆ ಒತ್ತಿ ಮಗುವಿನ ಹಾಗೆ ನೋಡುತ್ತಿದ್ದ. ಮೂರ್ತಿಗಳಿಗೆ ಒಂದೂ ಕಾಣಲಿಲ್ಲ. ಮೇಲಿನಿಂದ ನಗು ಕೇಳುತ್ತಿತ್ತು. ಆರು ಜನರ ನಗುವಿನಲ್ಲಿ ತಮ್ಮ ಹೆಂಡತಿಯದು ಯಾವುದೆಂದು ಹುಡುಕುತ್ತಿದ್ದರು. ಸಿಗಲಿಲ್ಲ. ಆಕೆ ಗಟ್ಟಿಯಾಗಿ ನಕ್ಕದ್ದನ್ನು ಕೇಳಿದ್ದರೆ ತಾನೇ ಗೊತ್ತಾಗುವುದು?

"ಬಾತ್‌ರೂಮಿಗೆ ಹೋಗಿ ಬರ್ತೀನಿ" ಎಂದು ಎದ್ದು, ಮೆಟ್ಟಿಲ ಕಡೆ ನಡೆದರು.

ಕಬ್ಬಿಣದ ಕಡಿದಾದ ಮೆಟ್ಟಿಲು. ಕಣ್ಣು ಡೆಕ್ಕಿನ ಮಟ್ಟಕ್ಕೆ ಬರುತ್ತಿದ್ದಂತೆ ನಿಂತರು. ಸುಮಿತ್ರಾ ಕಟಕಟೆಗೆ ಬೆನ್ನು ಕೊಟ್ಟು ನಿಂತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಉಳಿದವರು ಎದುರಿಗೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಆಕೆ ಏನೋ ಹೇಳುತ್ತಿದ್ದರು, ಕೈ ಬೀಸಿ, ದನಿ ಏರಿಸಿ ಇಳಿಸಿ. ತಮ್ಮ ಬೋಟಿನ ಪ್ರಸಂಗವನ್ನೇ ಹೇಳುತ್ತಿದ್ದಾಳೆ, ಟೋಪಿ ಹಾರುವ ಜಾಗ ಈಗ ಬರುತ್ತದೆ ಎಂದು ಮೂರ್ತಿಗಳು ಕಿವಿಗೊಟ್ಟರು.

ಅದು ಬೇರೆಯೇ ಆಗಿತ್ತು. ಆರ್.ಕೆ. ಪುರದ ಕ್ವಾರ್ಟರ್ಸ್. ಮದುವೆಯಾಗಿ ದೆಹಲಿಗೆ ಬಂದು ಎರಡು ವರ್ಷ, ಹಿಂದಿ ಇನ್ನೂ ನಾಲಗೆಗೆ ಹತ್ತಿರಲಿಲ್ಲ. ಯಜಮಾನರು ಮುಂಬೈ ಟೂರಿನಲ್ಲಿ. ಸೆಪ್ಟೆಂಬರಿನ ಮಳೆ, ಕರೆಂಟಿಲ್ಲ, ಕೂಸಿಗೆ ಮೈ ಸುಡುತ್ತಿದೆ. ಸುಮಿತ್ರಾ ಎದುರು ಮನೆಯ ಬಾಗಿಲು ತಟ್ಟಿ, ಗೊತ್ತಿದ್ದ ಹಿಂದಿಯಲ್ಲಿ, "ಬಚ್ಚಾ ಗರಮ್, ಬಚ್ಚಾ ಗರಮ್" ಎಂದಿದ್ದಾರೆ. ಎದುರು ಮನೆಯ ಅಜ್ಜಿ ತಲೆಯಾಡಿಸಿ ಒಳಗೆ ಹೋಗಿ, ಮಗುವಿಗೆಂದು ಒಂದು ಲೋಟ ಬಿಸಿ ಹಾಲು ತಂದುಕೊಟ್ಟಿದ್ದಾಳೆ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಸುಮಿತ್ರಾ ನಿಲ್ಲಿಸಲಿಲ್ಲ. ಹಾಲು ಬೇಡವೆಂದು ಹೇಳಲೂ ಬಾರದೆ ತಾವೇ ಅದನ್ನು ಕುಡಿದು ಲೋಟ ವಾಪಸು ಕೊಟ್ಟದ್ದು, ಕೊನೆಗೆ ಅಜ್ಜಿಯ ಮಗ ಕೂಸಿನ ಹಣೆ ಮುಟ್ಟಿ ನೋಡಿ ಸ್ಕೂಟರ್ ಹೊರತೆಗೆದದ್ದು, ಮಳೆಯಲ್ಲಿ ಕೂಸನ್ನು ಸೆರಗಿನಲ್ಲಿ ಸುತ್ತಿ ಹಿಂದೆ ಕೂತದ್ದು, ಸೀರೆ ಚಕ್ರಕ್ಕೆ ಸಿಕ್ಕಿ ಮೊಣಕಾಲವರೆಗೆ ಹರಿದುಹೋದದ್ದು, ಹಾಗೇ ಡಾಕ್ಟರ ಮುಂದೆ ನಿಂತದ್ದು.

"ಔರ್ ಭಾಯಿಸಾಬ್?" ಎಂದು ಮನ್ಜೀತ್ ಕಣ್ಣೊರೆಸಿಕೊಳ್ಳುತ್ತ ಕೇಳಿದರು.

"ಭಾಯಿಸಾಬ್ ಯಹೀಂ ಥೇ" ಎಂದರು ಸುಮಿತ್ರಾ, ಕೈಯನ್ನು ಕತ್ತಲ ನೀರಿನ ಕಡೆ ಬೀಸಿ. "ಇಸೀ ಸಮುಂದರ್ ಪರ್. ಪನೀರ್ ಖಾ ರಹೇ ಥೇ."

ಭಾಯಿಸಾಬ್ ಆಗ ಇದೇ ಸಮುದ್ರದ ಮೇಲೆ ಪನೀರ್ ತಿನ್ನುತ್ತಿದ್ದರು ಎಂಬುದಕ್ಕೆ ಮತ್ತೆ ನಗು ಎದ್ದಿತು. ಸುಮಿತ್ರಾ ಕೂಡ ನಕ್ಕರು, ತಲೆ ಹಿಂದಕ್ಕೆ ಚೆಲ್ಲಿ, ಹಲ್ಲೆಲ್ಲ ಕಾಣುವ ಹಾಗೆ. ಮೂರ್ತಿಗಳು ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದರು. ಆ ಟೂರಿನಿಂದ ಮನೆಗೆ ಬಂದ ದಿನ ಅವರಿಗೆ ಮಸುಕಾಗಿ ನೆನಪಾಯಿತು. "ಮಗೂಗೆ ಸ್ವಲ್ಪ ಜ್ವರ ಇತ್ತು, ಈಗ ಪರವಾಗಿಲ್ಲ" ಎಂದಿದ್ದಳು. ಸರಿ ಎಂದು ತಾವು ಶೂ ಬಿಚ್ಚುವ ಮೊದಲೇ ಬೋಟಿನ ಸಂಗತಿ ಶುರುಮಾಡಿದ್ದರು.

ತಪ್ಪಿತಸ್ಥ ಭಾವ ಬರಬೇಕಿತ್ತು. ಬಂದೂ ಇರಬಹುದು. ಆದರೆ ಅದಕ್ಕಿಂತ ಮೊದಲು ಎದೆಯಲ್ಲಿ ಭಗ್ಗೆಂದು ಹತ್ತಿಕೊಂಡದ್ದು ಹೊಟ್ಟೆಕಿಚ್ಚೇ. ಈ ಮನ್ಜೀತ್, ಈ ಪುಷ್ಪಾ, ನಿನ್ನೆ ಮೊನ್ನೆ ಪರಿಚಯವಾದವರು. ಇವರಿಗೆ ಇಷ್ಟು ರಸವತ್ತಾಗಿ ಹೇಳುವುದನ್ನು ತಮಗೆ ಒಂದು ಸಾಲಿನಲ್ಲಿ ಮುಗಿಸಿದ್ದಳು. ತಮ್ಮ ಮನೆ, ತಮ್ಮ ಕೂಸು, ತಮ್ಮ ಹೆಂಡತಿಯ ಹರಿದ ಸೀರೆ, ಎಲ್ಲವೂ ಇವರ ಪಾಲಾಗಿತ್ತು. ಅವರು ಇನ್ನೊಂದು ಮೆಟ್ಟಿಲು ಹತ್ತಿದರು. ಆಗ ಸುಮಿತ್ರಾ ನೋಡಿದರು.

ಆಕೆಯ ನಗು ನಿಂತುಹೋಯಿತು. ಮುಖದಲ್ಲಿ ಸಿಟ್ಟಿರಲಿಲ್ಲ, ಗಾಬರಿಯೂ ಇರಲಿಲ್ಲ. ಮನೆಯಲ್ಲಿ ದಿನಾ ಕಾಣುವ ಮುಖ ಬಂದು ಕೂತಿತು, ಅಷ್ಟೇ. ಮೂರ್ತಿಗಳಿಗೆ ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

"ಅರೆ, ಭಾಯಿಸಾಬ್" ಎಂದು ಪುಷ್ಪಾ ಎದ್ದರು. ಉಳಿದವರೂ ತಿರುಗಿದರು. ಹೆಂಡತಿಗೆ ಅಚ್ಚರಿ ಕೊಡಲು ಘಾಜಿಯಾಬಾದ್‌ನಿಂದ ಹಾರಿ ಬಂದ ಗಂಡ ಎಂದು ಅವರು ತಾವಾಗಿಯೇ ತೀರ್ಮಾನಿಸಿದರು. ನಮ್ಮವರು ಮೆಟ್ರೋ ಸ್ಟೇಷನ್ನಿನವರೆಗೂ ಬರುವುದಿಲ್ಲ ಎಂದು ಒಬ್ಬರು ನಿಟ್ಟುಸಿರಿಟ್ಟರು. ಮನ್ಜೀತ್ ಇಬ್ಬರಿಗಾಗಿ ಬೇರೆ ಒಂದು ಮೇಜು ಖಾಲಿ ಮಾಡಿಸಿ, ಎರಡು ಕುರ್ಚಿ ಎದುರುಬದುರು ಹಾಕಿ, "ಚಲೋ, ಬೈಠೋ" ಎಂದು ಕೂರಿಸಿಯೇಬಿಟ್ಟರು.

ಮಾಣಿ ಎರಡು ತಟ್ಟೆ ತಂದಿಟ್ಟ. ಪನೀರ್ ಟಿಕ್ಕಾ ಇತ್ತು. ಇಬ್ಬರೂ ಅದನ್ನು ಮುಟ್ಟಲಿಲ್ಲ.

"ಯಾವಾಗ ಬಂದ್ರಿ?" ಎಂದರು ಸುಮಿತ್ರಾ.

"ಬೆಳಿಗ್ಗೆ. ಚಂದ್ರಮೋಹನನ್ನ ನೋಡೋಣ ಅಂತ. ಅವನೂ ಬಂದಿದಾನೆ, ಕೆಳಗಿದಾನೆ."

"ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಬೇಡ ಅಂತಿದ್ದೆ."

ಸುಮಿತ್ರಾ ಇಲ್ಲ ಎನ್ನಲಿಲ್ಲ. ಗಾಳಿಗೆ ಹಾರುತ್ತಿದ್ದ ಕಾಗದದ ಕರವಸ್ತ್ರದ ಮೇಲೆ ಚಮಚ ಇಟ್ಟರು. ದಡದ ದೀಪಗಳು ನೀರಿನಲ್ಲಿ ಉದ್ದುದ್ದ ಎಳೆದ ಹಾಗೆ ಕಾಣುತ್ತಿದ್ದವು. ಇದನ್ನೇ ತೋರಿಸುತ್ತೇನೆಂದು ಎಷ್ಟೋ ವರ್ಷಗಳಿಂದ ಹೇಳುತ್ತ ಬಂದದ್ದು. ಈಗ ಎದುರಿಗೆ ಹೆಂಡತಿ, ಪಕ್ಕದಲ್ಲಿ ಸಮುದ್ರ. ಮೂರ್ತಿಗಳು, "ಅಲ್ಲಿ ನೋಡು, ಅದು ನೌಕಾಪಡೆಯ ಹಡಗು" ಎಂದರು. ಸುಮಿತ್ರಾ ನೋಡಿದರು. ಮರುಕ್ಷಣ ಆಕೆಯ ಕಣ್ಣು ಆಚೆಯ ಮೇಜಿನ ಕಡೆ ಹೋಯಿತು. ಅಲ್ಲಿ ಪುಷ್ಪಾ ಹಾಡು ಶುರುಮಾಡಿದ್ದರು, ಉಳಿದವರು ಮೇಜು ತಟ್ಟುತ್ತಿದ್ದರು. ಆಕೆಯ ಬೆರಳುಗಳೂ ತಟ್ಟೆಯ ಅಂಚಿನ ಮೇಲೆ ತಾಳ ಹಾಕುತ್ತಿದ್ದವು. ಗಂಡನ ಕಣ್ಣು ಬಿದ್ದ ಕೂಡಲೇ ನಿಂತವು.

ಬೇಕೆಂದು ಬಂದದ್ದು ಸಿಕ್ಕಿತ್ತು. ಒಂದು ಗಂಟೆ ಹೀಗೇ ಕೂತರೆ ಬೋಟು ದಡಕ್ಕೆ ಹೋಗುತ್ತದೆ, ಆಮೇಲೆ ಇದು ಯಾರಿಗೂ ಹೇಳುವಂಥ ಸಂಗತಿಯಾಗಿ ಉಳಿಯುವುದಿಲ್ಲ ಎಂದು ಮೂರ್ತಿಗಳಿಗೆ ಅನ್ನಿಸಿತು.

"ನೀನು ಅಲ್ಲಿಗೆ ಹೋಗು" ಎಂದರು.

"ಪರವಾಗಿಲ್ಲ."

"ಚಂದ್ರಮೋಹನ ಒಬ್ಬನೇ ಕೂತಿದಾನೆ. ಕೋಲು ಬೇರೆ. ಊಟ ತಂದುಕೊಡೋರಿಲ್ಲ."

ಸುಮಿತ್ರಾ ಅವರ ಮುಖವನ್ನೇ ನೋಡಿದರು. "ನಿಜವಾಗ್ಲೂ ಹೋಗ್ಲಾ?"

"ಹೋಗು ಅಂದ್ನಲ್ಲ" ಎಂದರು ಮೂರ್ತಿಗಳು, ಸ್ವಲ್ಪ ಒರಟಾಗಿಯೇ.

ಆಕೆ ಎದ್ದರು. ಎರಡು ಹೆಜ್ಜೆ ಹೋಗಿ ಹಿಂದೆ ಬಂದು, ಪನೀರಿನ ತಟ್ಟೆಯನ್ನು ಗಂಡನ ಕೈಗಿಟ್ಟರು. "ಇದನ್ನೂ ತಗೊಂಡು ಹೋಗಿ. ಅವರಿಗೆ ಕೊಡಿ" ಎಂದರು.

ಕೆಳಗೆ ಚಂದ್ರಮೋಹನ ಆಗಲೇ ಬಿರಿಯಾನಿ ಮುಗಿಸಿ ಗುಲಾಬ್ ಜಾಮೂನಿಗೆ ಕೈ ಹಾಕಿದ್ದ. ಮೇಲೆ ಕುಣಿತ ಶುರುವಾಯಿತು. ಹಲಗೆಯ ಚಾವಣಿ ದಡದಡ ಎಂದಿತು, ದೀಪದ ಬುರುಡೆ ಅಲುಗಾಡಿತು.

"ಯಾರದು ಅಷ್ಟು ಕುಣೀತಿರೋದು?" ಎಂದ ಚಂದ್ರಮೋಹನ.

"ನಮ್ಮ ಮನೆಯವರೂ ಇರಬಹುದು" ಎಂದರು ಮೂರ್ತಿಗಳು. ಬೋಟು ದಡ ಸೇರುವವರೆಗೂ ಅವರ ಕಣ್ಣು ಆ ಚಾವಣಿಯ ಮೇಲೇ ಇತ್ತು. ಹೊಟ್ಟೆಕಿಚ್ಚು ಸ್ವಲ್ಪವೂ ಕಡಿಮೆಯಾಗಿರಲಿಲ್ಲ. ಆದರೂ ಮತ್ತೆ ಮೆಟ್ಟಿಲು ಹತ್ತಲಿಲ್ಲ.

ಇಬ್ಬರೂ ಬೇರೆ ಬೇರೆಯಾಗಿ ಘಾಜಿಯಾಬಾದ್‌ಗೆ ವಾಪಸಾದರು. ಸುಮಿತ್ರಾ ಬಂದ ದಿನ ಮೂರ್ತಿಗಳೇ ಕಾಫಿ ಮಾಡಿದರು, ಡಿಕಾಕ್ಷನ್ ತೆಳುವಾಗಿತ್ತು. ಅಡುಗೆಮನೆಯ ಕಟ್ಟೆಗೆ ಒರಗಿ ಕುಡಿಯುತ್ತ ಸುಮಿತ್ರಾ ಕೇಳಿದರು:

"ಯಾಕೆ ಬಂದ್ರಿ ರೀ ಅಲ್ಲಿಗೆ? ಮಂಡಿ ಮಾತು ಬೇಡ."

ಮೂರ್ತಿಗಳು ಲೋಟ ತಿರುಗಿಸಿದರು. "ಹೊಟ್ಟೆ ಉರೀತು" ಎಂದರು. "ನಾನಿಲ್ಲದೆ ನೀನು ಅಷ್ಟು ಚೆನ್ನಾಗಿರ್ತೀಯಲ್ಲ ಅಂತ."

ಸುಮಿತ್ರಾ ಕಾಫಿಯ ಕೊನೆಯ ಗುಟುಕು ಮುಗಿಸಿದರು. ಆಮೇಲೆ, "ನೀವು ಟೂರಿನಿಂದ ಬಂದಾಗ ನಿಮ್ಮ ಸೂಟ್‌ಕೇಸ್ ಬಿಚ್ಚೋಕೇ ನಂಗೆ ಇಷ್ಟ ಆಗ್ತಿರಲಿಲ್ಲ" ಎಂದರು. "ಬಟ್ಟೆಗೆಲ್ಲ ಹೊಟೇಲ್ ಸೋಪಿನ ವಾಸನೆ ಇರ್ತಿತ್ತು. ಎರಡೆರಡು ಸಲ ಒಗೀತಿದ್ದೆ."

"ನಂಗೆ ಗೊತ್ತೇ ಇರಲಿಲ್ಲ."

"ಗೊತ್ತಾಗೋ ಹಾಗೆ ನಾನೂ ಹೇಳಲಿಲ್ಲ" ಎಂದು ಆಕೆ ಲೋಟ ತೊಳೆಯಲು ತಿರುಗಿದರು.

ಜನವರಿಯಲ್ಲಿ ಪಾರ್ಕಿನವರು ಜೈಸಲ್ಮೇರಿಗೆ ಹೊರಟರು. ಮೂರ್ತಿಗಳು ಒಂದು ವಾರ ಮುಂಚಿನಿಂದಲೇ ಬಿಗುಮಾನದಲ್ಲಿದ್ದರು. ಟಿವಿಯ ಸದ್ದು ಜೋರು ಮಾಡುತ್ತಿದ್ದರು, ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದರು. ಆದರೆ ಹೆಂಡತಿಯ ಫೋನು ಮುಟ್ಟಲಿಲ್ಲ, ತಾವೂ ಟಿಕೆಟ್ ತೆಗೆಯಲಿಲ್ಲ. ಆಕೆ ಹೋದ ದಿನ ಚಂದ್ರಮೋಹನನಿಗೆ ಫೋನು ಮಾಡಿ ಅರ್ಧ ಗಂಟೆ ಗೊಣಗಿದರು.

ಹಿಂದಿರುಗಿದ ಸಂಜೆ ಸುಮಿತ್ರಾ ಸೋಫಾದ ಮೇಲೆ ಕಾಲು ಮಡಚಿ ಕೂತರು. ತಲೆಕೂದಲಲ್ಲಿ ಇನ್ನೂ ಮರಳಿತ್ತು.

"ಹೇಳ್ಲಾ? ಮಧ್ಯದಲ್ಲಿ ಬಾಯಿ ಹಾಕಬಾರದು" ಎಂದರು.

"ಇಲ್ಲ, ಹೇಳು."

ಒಂಟೆ ಮೇಲೆ ಮನ್ಜೀತ್ ಹತ್ತಿದ್ದು, ಒಂಟೆ ಎದ್ದ ರಭಸಕ್ಕೆ ಅವರ ಚಪ್ಪಲಿ ಹಾರಿ ಪುಷ್ಪಾಳ ಚಹಾದಲ್ಲಿ ಬಿದ್ದದ್ದು, ಎಲ್ಲವನ್ನೂ ಆಕೆ ಕೈ ಬೀಸಿ ಬೀಸಿ ಹೇಳಿದರು, ಕನ್ನಡದಲ್ಲಿ. ಮೂರ್ತಿಗಳು ಒಂದೇ ಒಂದು ಸಲ ಬಾಯಿ ಹಾಕಿದರು. ಸುಮಿತ್ರಾ ತೋರುಬೆರಳು ಎತ್ತಿ ಅವರನ್ನು ಸುಮ್ಮನಾಗಿಸಿ, ಮುಂದುವರಿಸಿದರು.